ವೈನಿಯ ಚುಕ್ಕಿ ಸಿಂಹ

ನಮ್ಮ ವೈನಿಗೆ ಚಿತ್ರ ಕಲಿಸುವುದಕ್ಕಿಂತ ಎಮ್ಮೆಗೆ ಮಗ್ಗಿ ಕಲಿಸುವುದು ಸುಲಭ. ಎಮ್ಮೆ ಎದುರು ವಾದಿಸುವುದಿಲ್ಲವಲ್ಲ! ನಾನು ಕಬ್ಬೂರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಮಾವಿನಹಣ್ಣು ಬಿಡಿಸಿ ಎಂದರೆ ಬದನೆಕಾಯಿ ಬಿಡಿಸಿದವರನ್ನೂ ಪಾಸು ಮಾಡಿಸಿದವಳು. ಅಂಥ ನಾನು ವೈನಿಯ ಮುಂದೆ ಸೋತು ಸುಣ್ಣವಾದೆ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ನಾನು ಮದುವೆಯ ಗೋಜಿಗೆ ಹೋಗದೆ ಚಿಕ್ಕೋಡಿಯ ಅಣ್ಣನ ಮನೆಯಲ್ಲೇ ಉಳಿದವಳು. ಅಣ್ಣ ತೀರಿಕೊಂಡ, ಅವನ ಮಗಳು ಬೆಳಗಾವಿಯ ಹಾಸ್ಟೆಲು ಸೇರಿದಳು, ಮನೆಯಲ್ಲಿ ನಾವಿಬ್ಬರೇ ಆದೆವು. ಮಗಳು ಲಾಕ್‌ಡೌನಿನಲ್ಲಿ ಪಾಠ ಕೇಳಿದ್ದ ಟ್ಯಾಬು ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಒಂದು ದಿನ ವೈನಿ ಅದನ್ನು ಸೆರಗಿನಿಂದ ಒರೆಸಿ ತಂದು, ತನಗೆ ಚಿತ್ರ ಕಲಿಸಬೇಕೆಂದಳು. ಎಂಥ ಚಿತ್ರ? ಯಾರೂ ಕಂಡಿರದ ಪ್ರಾಣಿಯದಂತೆ! ಸಿಂಹದ ಮುಖ, ಕೋಣದ ಕೋಡು, ಗಿಳಿಯ ರೆಕ್ಕೆ, ನವಿಲಿನ ಬಾಲ. ದೀಪಾವಳಿಯೊಳಗೆ ಅದು ಮುಗಿಯಬೇಕು, ನಿಪ್ಪಾಣಿಯಲ್ಲಿ ಪ್ರಿಂಟು ಹಾಕಿಸಿ ನಮ್ಮ ಹೊಸ್ತಿಲ ಮುಂದೆ ನೆಲಕ್ಕೆ ಅಂಟಿಸಬೇಕು. ಗೋಡೆಗೆ ಹಾಕಿದರಾಗದೇ ಎಂದರೆ, ಇಲ್ಲ, ಹೊಸ್ತಿಲ ಮುಂದೆಯೇ ಆಗಬೇಕು. ಬೇರೆಯವರ ಬಾಗಿಲಲ್ಲಿ 'ಸುಸ್ವಾಗತ' ಇರುತ್ತದೆ, ನಮ್ಮ ಬಾಗಿಲಲ್ಲಿ ಕೋಡು ಮೂಡಿದ ಸಿಂಹ. ಬಂದ ಬೀಗರು ಒಳಗೆ ಬರಬೇಕೋ, ಬಸ್ ಸ್ಟ್ಯಾಂಡಿಗೆ ಓಡಬೇಕೋ?

ಮೊದಲ ಪಾಠದಲ್ಲೇ ನನ್ನ ವಿದ್ಯೆ ಮುಗಿಯಿತು. ಟ್ಯಾಬಿನ ಮೇಲೆ ಒಂದು ಬೆರಳಿನಿಂದ ಬರೆಯಬೇಕು. ವೈನಿಯ ಕೈ ಒಪ್ಪಬೇಕಲ್ಲ! ಹೆಬ್ಬೆರಳು, ತೋರುಬೆರಳು ಕೂಡಿಸಿ ಗಾಜಿನ ಮೇಲೆ ಏನನ್ನೋ ಉದುರಿಸುವಂತೆ ತಿಕ್ಕುವಳು. ಎರಡು ಬೆರಳು ತಾಗಿದರೆ ಟ್ಯಾಬು ಬರೆಯುವುದಿಲ್ಲ, ಚಿತ್ರವನ್ನು ಹಿಗ್ಗಿಸುತ್ತದೆ, ಇಲ್ಲವೇ ಕುಗ್ಗಿಸುತ್ತದೆ. ನಾನು ಮಾದರಿಗೆಂದು ಬಿಡಿಸಿಕೊಟ್ಟ ಸಿಂಹ ಒಮ್ಮೆ ಮನೆಯಷ್ಟಾಗುತ್ತಿತ್ತು, ಮರುಗಳಿಗೆ ತಿಗಣೆಯಷ್ಟು.

"ನಿಮ್ಮ ಪ್ರಾಣಿ ಒಂದ ಕಡೆ ನಿಲ್ಲವಲ್ದು ನೋಡ್ರಿ, ಅಕ್ಕೋರ" ಎಂದು ವೈನಿ ನನ್ನನ್ನೇ ದೂರಿದಳು.

ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಬೇರೆ ಹೊತ್ತಿನಲ್ಲಿ ನನ್ನನ್ನು 'ಏ ಹುಡುಗಿ' ಎಂದು ಗದರುವ ವೈನಿ, ಪಾಠದ ಹೊತ್ತಿಗೆ ಮಾತ್ರ ಬೇಕೆಂದೇ ಈ ಮರ್ಯಾದೆ ಕೊಡುತ್ತಿದ್ದಳು. ಆ ಮರ್ಯಾದೆಯ ಭಾರ ತಾಳದೆ ಟ್ಯಾಬಿಗೆ ಒಂದು ಪೆನ್ನು ಕೊಡಿಸಿದೆ.

ಪೆನ್ನು ಹಿಡಿದು ಏನು ಮಾಡಿದಳು? ಮುಖವಿಲ್ಲ, ಕಾಲಿಲ್ಲ, ಮೊದಲು ಸಾಲಾಗಿ ಚುಕ್ಕಿ ಇಟ್ಟಳು. ಅವುಗಳ ಸುತ್ತ ಗೆರೆ ಬಳಸಿ ಬಳಸಿ ಅದರೊಳಗಿಂದ ಸಿಂಹವನ್ನು ಹೊರತೆಗೆದಳು. ವರ್ಷಗಟ್ಟಲೆ ರಂಗೋಲಿ ಹಾಕಿದ ಕೈ, ಅಭ್ಯಾಸ ಬಿಡುವುದಿಲ್ಲ ಎಂದುಕೊಂಡು ನಾನು ಬೆಳಕು-ನೆರಳಿನ ಪಾಠಕ್ಕೆ ಬಂದೆ. ಬೆಳಕು ಎಡದಿಂದ ಬಿದ್ದರೆ ಬಲಭಾಗ ಕಪ್ಪಾಗಬೇಕು, ಆಗಲೇ ಪ್ರಾಣಿಗೆ ಮೈ ಬರುತ್ತದೆ ಎಂದು ವಿವರಿಸಿದೆ. ಅರ್ಧ ಮುಖಕ್ಕೆ ಮಸಿ ಬಳಿದುಕೊಂಡು ಅದು ಬಾಗಿಲಲ್ಲಿ ಹ್ಯಾಗೆ ನಿಲ್ಲಬೇಕು ಎಂದು ಕೇಳಿದಳು. ಎಡಕ್ಕಿದ್ದದ್ದು ಬಲಕ್ಕೂ ಇರಬೇಕು, ಅಷ್ಟೇ. ಒಂದೇ ಒಂದು ಬಾಲವನ್ನೂ ನಡುವಿನಿಂದ ಎರಡು ಕಡೆಗೆ ಸಮನಾಗಿ ಹಂಚಿಬಿಟ್ಟಳು!

ಒಂದು ಸಂಜೆ ರೆಕ್ಕೆ ಮುಗಿದ ಸಂತೋಷಕ್ಕೆ ಟ್ಯಾಬಿನ ಮೇಲೆ ಚಿಟಿಕೆ ಅರಿಷಿಣ-ಕುಂಕುಮ ಹಾಕಿದಳು. ಬಣ್ಣವಲ್ಲ, ನಿಜವಾದ ಕುಂಕುಮ! ಅದು ಚಾರ್ಜರಿನ ತೂತಿಗೆ ಇಳಿದು ಟ್ಯಾಬು ಕಣ್ಣು ಮುಚ್ಚಿತು. ರಿಪೇರಿಯವನು ಬ್ರಷ್ಷಿನಿಂದ ಕೆಂಪು ಪುಡಿ ಉದುರಿಸುತ್ತ, "ಟ್ಯಾಬಿಗೆ ಕುಬಸ ಮಾಡಿದ್ರೇನ್ರಿ, ಅಕ್ಕೋರ?" ಎಂದು ಕೇಳಿದ. ಬಸುರಿಗೆ ಮಾಡುವ ಸಡಗರವನ್ನು ಯಂತ್ರಕ್ಕೆ ಮಾಡಿದ ಮನೆ ಎಂದು ನಾವು ಪೇಟೆಯಲ್ಲೆಲ್ಲ ಹೆಸರಾದೆವು.

ಇಷ್ಟನ್ನೂ ನುಂಗಿಕೊಂಡೇನು, ಆದರೆ ಆ ಚುಕ್ಕಿಗಳು! ಸಿಂಹದ ಕೆನ್ನೆ, ಹೊಟ್ಟೆ, ರೆಕ್ಕೆ, ಎಲ್ಲೆಲ್ಲೂ ಸಿಡುಬು ಎದ್ದ ಹಾಗೆ ಚುಕ್ಕಿ. ಶಾಲೆಯಿಂದ ಬಂದು ನಾನು ಅಳಿಸುವುದು, ಮರುದಿನ ನೋಡಿದರೆ ಅದೇ ಜಾಗದಲ್ಲಿ ಅದೇ ಚುಕ್ಕಿ.

"ವೈನಿ, ಇವನ್ಯಾಕ ಮತ್ತ ಇಟ್ಟಿ?"

"ನೀವ್ಯಾಕ ಅಳಸಿದ್ರಿ?"

ಮಕ್ಕಳಾಗಿದ್ದರೆ ಬೆಂಚಿನ ಮೇಲೆ ನಿಲ್ಲಿಸಬಹುದಿತ್ತು. ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಈ ಜನ್ಮದಲ್ಲಿ ಈ ಪ್ರಾಣಿ ಸುಧಾರಿಸುವುದಿಲ್ಲ ಎಂದು ಖಾತ್ರಿಯಾಯಿತು.

ದೀಪಾವಳಿ ಹತ್ತಿರ ಬಂದಾಗ ಕೊನೆಯ ಅಸ್ತ್ರ ತೆಗೆದೆ. ಟ್ಯಾಬಿನಲ್ಲಿ ಲೇಯರ್ ಎಂಬ ಅನುಕೂಲವಿದೆ. ಬಟರ್ ಪೇಪರುಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ; ಬೇಕಾದ ಹಾಳೆಯನ್ನು ತೋರಿಸಬಹುದು, ಬೇಡವಾದದ್ದನ್ನು ಮುಚ್ಚಬಹುದು. ಪ್ರಾಣಿ ಒಂದು ಹಾಳೆಯಲ್ಲಿರಲಿ, ನಿನ್ನ ಚುಕ್ಕಿ, ಗೆರೆ ಎಲ್ಲ ಇನ್ನೊಂದರಲ್ಲಿರಲಿ ಎಂದೆ. ಅಂಗಡಿಯಲ್ಲಿ ಚುಕ್ಕಿಯ ಹಾಳೆಯನ್ನು ಮೆಲ್ಲಗೆ ಮುಚ್ಚಿಬಿಡುವುದು ನನ್ನ ಸಂಚು. ವೈನಿ ಮೊದಲ ಸಲ ನನ್ನ ಮಾತು ಕೇಳಿದಳು. ಚುಕ್ಕಿಗಳನ್ನೂ ಅವುಗಳ ಸುತ್ತಿನ ಗೆರೆಗಳನ್ನೂ ಬೇರೆ ಹಾಳೆಗೆ ಇಳಿಸಿಕೊಟ್ಟಳು.

ನಿಪ್ಪಾಣಿಯ ಫ್ಲೆಕ್ಸ್ ಅಂಗಡಿಯಲ್ಲಿ ಕುಳಿತು ಚುಕ್ಕಿಯ ಹಾಳೆ ಮುಚ್ಚಲು ಹೋದವಳು ತಪ್ಪಿ ಪ್ರಾಣಿಯ ಹಾಳೆ ಮುಚ್ಚಿದೆ. ಕೋಡು, ರೆಕ್ಕೆ, ಬಾಲ ಎಲ್ಲ ಮಾಯವಾಯಿತು. ಉಳಿದದ್ದನ್ನು ನೋಡಿ ನನ್ನ ಕೈ ನಿಂತಿತು.

ಅದು ನಮ್ಮ ಹೊಸ್ತಿಲ ರಂಗೋಲಿ. ಮದುವೆಯಾಗಿ ಬಂದಾಗಿನಿಂದ ವೈನಿ ದಿನಾ ಬೆಳಿಗ್ಗೆ ಹಾಕುತ್ತಿದ್ದ ಅದೇ ರಂಗೋಲಿ. ಅಣ್ಣ ಹೋದ ಮೇಲೆ ನಮ್ಮ ಮನೆತನದ ಹಿರಿಯಳಾದ ದೊಡ್ಡವ್ವ ಬಂದು, ಬಾಗಿಲ ರಂಗೋಲಿ ಇನ್ನು ನೀನು ಹಾಕುವುದು ಬೇಡ, ನಾದಿನಿ ಹಾಕಲಿ ಎಂದಿದ್ದಳು. ವೈನಿ ರಂಗೋಲಿಯ ಡಬ್ಬಿ ತಂದು ನನ್ನ ಕೈಗೆ ಕೊಟ್ಟಿದ್ದಳು. ಅಂದಿನಿಂದ ನಾನು ಬಸ್ಸಿನ ಅವಸರದಲ್ಲಿ ನಾಲ್ಕು ಗೆರೆ ಎಳೆದು ಓಡುತ್ತೇನೆ. ಅವಳು ತನ್ನ ರಂಗೋಲಿಯನ್ನು ಸಿಂಹದ ಮೈಯೊಳಗೆ ಅಡಗಿಸಿ ಹೊಸ್ತಿಲಿಗೆ ತರಲು ಹೊರಟಿದ್ದಳು. ಅಂಗಡಿಯಲ್ಲಿ ಅಚ್ಚಾದ ಪ್ರಾಣಿಗೆ ದೊಡ್ಡವ್ವ ಏನೆಂದಾಳು? ಅಷ್ಟು ಜನರ ನಡುವೆ ನನಗೆ ಅಳು ಬಂತು. ಎರಡೂ ಹಾಳೆಗಳನ್ನು ತೆರೆದಿಟ್ಟೇ ಪ್ರಿಂಟು ಹಾಕಿಸಿದೆ.

ಅಂಟಿಸಿದ ಮರುದಿನ ಬೆಳಿಗ್ಗೆ ನೋಡಿದರೆ, ವೈನಿ ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಬರಿಗೈಯಲ್ಲಿ ಸಿಂಹದ ಮೇಲಿನ ಗೆರೆಗಳಗುಂಟ ಬೆರಳಾಡಿಸುತ್ತಿದ್ದಳು. ನಾನು ಡಬ್ಬಿ ತಂದು ಅವಳ ಮುಂದಿಟ್ಟೆ.

"ನೀನ ಹಾಕು, ವೈನಿ. ದೊಡ್ಡವ್ವ ಕೇಳಿದ್ರ ನಾ ಹೇಳ್ತೀನಿ."

ಅವಳು ಓಣಿಯ ಆ ಕಡೆ, ಈ ಕಡೆ ನೋಡಿದಳು. ಆಮೇಲೆ ಎರಡು ಬೆರಳು ಕೂಡಿಸಿ ಪುಡಿ ಹಿಡಿದು, ಪ್ರಿಂಟಿನ ಪಕ್ಕದ ಬರಿನೆಲದ ಮೇಲೆ ಒಂದೇ ಒಂದು ಚುಕ್ಕಿ ಇಟ್ಟಳು.

"ಇದನ್ನರ ಅಳಸಬ್ಯಾಡ್ರಿ, ಅಕ್ಕೋರ" ಎಂದಳು.