ಮಾವನ ಬೈಕಿನ ಕನ್ನಡಿ

ನಮ್ಮ ಸೋದರಮಾವನಷ್ಟು ಗಟ್ಟಿಯಾಗಿ ಗುಟ್ಟು ಹೇಳುವವರು ಇಡೀ ದೊಡ್ಡಬಳ್ಳಾಪುರದಲ್ಲಿ ಇನ್ನೊಬ್ಬರಿಲ್ಲ. "ಯಾರಿಗೂ ಹೇಳ್ಬೇಡ" ಎಂದು ಅವರು ನನ್ನ ಕಿವಿಯ ಹತ್ತಿರ ಬಂದರೆ ಎದುರುಮನೆಯವರು ಟೀವಿಯ ಸದ್ದು ತಗ್ಗಿಸುತ್ತಾರೆ. ನನ್ನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾಗ ಮಾವ ನಮ್ಮಮ್ಮನ ಕಡೆ ಬಗ್ಗಿ, "ಹುಡುಗ ಪರವಾಗಿಲ್ಲ ಅಕ್ಕ, ಅವರಪ್ಪನ್ನ ನೋಡಿದ್ರೆ ಭಯ ಆಗುತ್ತೆ" ಎಂದು ಪಿಸುಗುಟ್ಟಿದರು. ಅವರಪ್ಪ ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟರು. ಪುಣ್ಯಕ್ಕೆ ಹುಡುಗ ನಕ್ಕುಬಿಟ್ಟ. ಅವನಿಗೂ ಅಪ್ಪನೆಂದರೆ ಭಯವಿತ್ತಂತೆ. ಮದುವೆ ಆಯಿತು ಅನ್ನಿ.

ಇದರಲ್ಲಿ ಮಾವನ ತಪ್ಪೇನಿದೆ? ನಲವತ್ತು ವರ್ಷ ಪವರ್‌ಲೂಮ್ ಮಗ್ಗಗಳ ನಡುವೆ ಬದುಕಿದವರು ಅವರು, ಎಷ್ಟು ದನಿ ಸಾಕೆಂಬ ಅಳತೆಯೇ ತಪ್ಪಿಹೋಗಿದೆ. ನಾಲ್ಕು ಮಗ್ಗ ಒಟ್ಟಿಗೆ ಓಡುತ್ತಿದ್ದರೆ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸುವುದಿಲ್ಲ. ಹಾಗಾಗಿ ಮಗ್ಗದ ಮನೆಯೊಳಗೆ ಯಾರೂ ಕೂಗುವುದೇ ಇಲ್ಲ. ಒಬ್ಬರು ತುಟಿ ಆಡಿಸುತ್ತಾರೆ, ಇನ್ನೊಬ್ಬರು ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಮಾವ ಮತ್ತು ಅತ್ತೆ ಮದುವೆಯಾದ ದಿನದಿಂದ ಹೀಗೆಯೇ ಮಾತಾಡಿಕೊಂಡು ಬಂದವರು. ಚಿಕ್ಕಂದಿನಲ್ಲಿ ರಜಕ್ಕೆ ಹೋದಾಗ, ಮಗ್ಗದ ಆಚೆ ಈಚೆ ನಿಂತು ಅವರಿಬ್ಬರೂ ಸದ್ದಿಲ್ಲದೆ ಬಾಯಿ ಆಡಿಸುವುದನ್ನು ನೋಡಿ ಎಲೆಯಡಿಕೆ ಜಗಿಯುತ್ತಿದ್ದಾರೆ ಎಂದುಕೊಂಡಿದ್ದೆ. ಅದು ಮೂರು ದಿನದಿಂದ ನಡೆಯುತ್ತಿದ್ದ ಜಗಳವೆಂದು ಆಮೇಲೆ ಅಮ್ಮ ಹೇಳಿದಳು.

ಈ ವಿದ್ಯೆಯಿಂದ ನೆಂಟರಿಷ್ಟರಿಗೆ ಆದ ತೊಂದರೆ ಅಷ್ಟಿಷ್ಟಲ್ಲ. ಮದುವೆಮನೆಯಲ್ಲಿ ಮಾವ ಪಂಕ್ತಿಯ ಈ ತುದಿಯಲ್ಲಿ ಕೂತು ಆ ತುದಿಯವರ ಮಾತಿಗೆ ಉತ್ತರ ಕೊಡುತ್ತಾರೆ. "ಪಾಯಸ ನೀರು ಅಂತಿದೀಯಲ್ಲ, ಮೂರು ಸಲ ಹಾಕಿಸ್ಕೊಂಡ್ಯಲ್ಲಪ್ಪಾ" ಎಂದು ಅವರು ಇಲ್ಲಿಂದ ಕೂಗಿದರೆ, ಅಲ್ಲಿ ಕೂತವನು ಲೋಟ ಬಾಯಿಗೆ ಅಡ್ಡ ಹಿಡಿಯುತ್ತಾನೆ.

ಹೋದ ವರ್ಷ ಮಾವ ಮಗ್ಗ ಮಾರಿ ಎಲೆಕ್ಟ್ರಿಕ್ ಬೈಕು ತಂದರು. ಈ ವಯಸ್ಸಿನಲ್ಲಿ ಬೈಕು ಯಾಕೆ ಎಂದು ನಾವೆಲ್ಲ ಕೇಳಿದೆವು. "ಇಷ್ಟು ವರ್ಷ ಕರೆಂಟ್ ಮಗ್ಗದ ಮುಂದೆ ಒಂದೇ ಕಡೆ ನಿಂತಿದ್ದೆ. ಈಗ ಅದೇ ಕರೆಂಟು ನನ್ನ ಕರ್ಕೊಂಡು ಓಡಾಡ್ಲಿ" ಎಂದರು. ಅತ್ತೆ ಸದ್ದಿಲ್ಲದೆ ತುಟಿ ಆಡಿಸಿ ಏನೋ ಅಂದರು. "ಅದನ್ನೆಲ್ಲ ಮಕ್ಕಳ ಮುಂದೆ ಹೇಳ್ಬೇಡ" ಎಂದು ಮಾವ ಇಡೀ ಬೀದಿಗೆ ಕೇಳುವಂತೆ ಹೇಳಿದರು.

ಇನ್ನು ನನ್ನ ಕಥೆ. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಹಿಂದಿನ ಬೆಂಚಿಗೆ ಕೇಳಲಿ ಎಂದು ಇಪ್ಪತ್ತೆರಡು ವರ್ಷ ಕೂಗಿ ಕೂಗಿ ಈ ಆಷಾಢದ ಹೊತ್ತಿಗೆ ಗಂಟಲು ಕೈಕೊಟ್ಟಿತು. ಡಾಕ್ಟರು ಒಳಗೆ ಗಂಟು ಇದೆ ಎಂದರು. ಒಂದು ತಿಂಗಳು ಮಾತು ಬಂದ್, ಪಿಸುಗುಟ್ಟುವುದೂ ಬೇಡ. ಆಮೇಲೆ ನೋಡೋಣ, ಬೇಕಾದರೆ ಆಪರೇಷನ್. "ದನಿ ಮೊದಲಿನ ಹಾಗೆ ಬರುತ್ತಾ?" ಎಂದು ಚೀಟಿಯಲ್ಲಿ ಬರೆದು ಕೇಳಿದರೆ ಅದಕ್ಕೂ "ನೋಡೋಣ" ಎಂದರು. ಆ ಒಂದು ಮಾತು ನನ್ನ ನಿದ್ದೆ ಕೆಡಿಸಿತು. ದನಿಯಿಲ್ಲದ ಮೇಡಂಗೆ ಯಾವ ಕ್ಲಾಸು ಕೊಡುತ್ತಾರೆ?

ಮಾತು ನಿಲ್ಲಿಸಿದ ಮೇಲೆ ಒಂದು ವಿಚಿತ್ರ ಕಂಡುಕೊಂಡೆ. ಮಾತಾಡದವರಿಗೆ ಕಿವಿಯೂ ಕೇಳುವುದಿಲ್ಲವೆಂದು ಜನ ತೀರ್ಮಾನಿಸಿಬಿಡುತ್ತಾರೆ. ಪಕ್ಕದ ಮನೆಯಾಕೆ ನನ್ನ ಎದುರೇ ನಿಂತು, "ಮೊದಲೇ ಸಿಡುಕಿ, ಈಗ ಇನ್ನೂ ಜಾಸ್ತಿಯಾಗಿರ್ಬೇಕು" ಎಂದು ನನ್ನ ಗಂಡನ ಹತ್ತಿರ ಹೇಳಿದಳು. ಅವರು ತಲೆಯಾಡಿಸಿದರು. ನಾನು ಸ್ಲೇಟು ಹುಡುಕಿ ಉತ್ತರ ಬರೆಯುವಷ್ಟರಲ್ಲಿ ಆಕೆ ಮನೆ ಸೇರಿದ್ದಳು. ಒಂದೊಂದು ದಿನ ಗೋಡೆ ನೋಡಿಕೊಂಡು ಕೂತಿರುತ್ತಿದ್ದೆ. ನಾನು ಮನೆಯಲ್ಲಿದ್ದೂ ಇಲ್ಲದಂತೆ ಆಗಿತ್ತು.

ಮೂರನೆಯ ವಾರದ ಭಾನುವಾರ ಮಾವ ಬಾಗಿಲಲ್ಲಿ ಬಂದು ನಿಂತರು. ಹೊರಗೆ ತೆಂಗಿನ ಗರಿ ಕಿತ್ತುಹೋಗುವಂಥ ಗಾಳಿ. "ಬೈಕ್ ಹತ್ತು. ಗಾಳಿ ಚೆನ್ನಾಗೈತೆ, ಆವತಿ ಬೆಟ್ಟಕ್ಕೆ ಹೋಗಿ ಬರಾಣ" ಎಂದರು. ಗಾಳಿ ಚೆನ್ನಾಗಿದೆಯೆಂದು ಬೈಕ್ ಹತ್ತುವವರನ್ನು ಎಲ್ಲಾದರೂ ನೋಡಿದ್ದೀರಾ? ಬೇಡವೆಂದು ಕೈಯಾಡಿಸಿದೆ. ಅವರು ಹೆಲ್ಮೆಟ್ಟನ್ನು ನನ್ನ ತಲೆಗೆ ತುರುಕಿದರು.

ಊರು ದಾಟಿ ಘಾಟಿ ದೇವಸ್ಥಾನದ ಕಡೆ ತಿರುಗಿದ ಮೇಲೆ ಮಾವ ಎಡಗಡೆಯ ಕನ್ನಡಿಯನ್ನು ನನ್ನ ಮುಖಕ್ಕೆ ತಿರುಗಿಸಿದರು. "ಆ ಕಡೆ ಕನ್ನಡಿ ರಸ್ತೆಗೆ, ಇದು ನಿಂಗೆ. ಈಗ ಮಾತಾಡು" ಎಂದರು. ನಾನು ಗಂಟಲು ತೋರಿಸಿದೆ. "ದನಿ ಯಾರಿಗೆ ಬೇಕು? ಈ ಗಾಳೀಲಿ ದನಿ ಇರೋರ ಮಾತೂ ಕೇಳ್ಸಲ್ಲ. ತುಟಿ ಆಡ್ಸು, ಸಾಕು."

ನನಗೆ ಇದು ಹೊಳೆದೇ ಇರಲಿಲ್ಲ. ಮೂರು ವಾರ ಸ್ಲೇಟು ಹಿಡಿದು ಒದ್ದಾಡಿದ್ದೇನೆ, ಈ ಮನುಷ್ಯ ಎರಡು ಬೀದಿ ಆಚೆ ಇದ್ದರು. ಮೊದಲು "ನಿಧಾನ, ಮಾವ" ಎಂದೆ. "ನಿಧಾನವೇ ಹೋಗ್ತಿರೋದು, ಗಾಳಿ ಜೋರಾಗೈತೆ" ಎಂದು ಉತ್ತರ ಬಂತು. ಅರ್ಥವಾಯಿತಲ್ಲ ಎಂದು ಮೈಯೆಲ್ಲ ಹಗುರವಾಯಿತು. ಆಮೇಲೆ ನನ್ನನ್ನು ಹಿಡಿಯುವವರಿಲ್ಲ. ಪಕ್ಕದ ಮನೆಯಾಕೆ, ತಲೆಯಾಡಿಸಿದ ಗಂಡ, ನನ್ನ ಪಾಠವನ್ನು ಡ್ರಿಲ್ ಮೇಷ್ಟ್ರಿಗೆ ವಹಿಸಿದ ಹೆಡ್‌ಮಾಸ್ಟರು, ಎಲ್ಲರನ್ನೂ ಬೈದುಕೊಂಡು ಎರಡು ಗುಡ್ಡ ಹತ್ತಿ ಇಳಿದೆ.

ಎದುರುಗಾಳಿಗೆ ಬೈಕು ಏದುಸಿರು ಬಿಡುತ್ತಿತ್ತು. ಏರು ಬಂದಾಗಲೆಲ್ಲ ಮಾವ, "ಬಗ್ಗಿ ಕೂತ್ಕೊ, ಗೋಡೆ ಥರ ನೆಟ್ಟಗೆ ಕೂತ್ರೆ ಚಾರ್ಜೆಲ್ಲ ನೀನೇ ತಿಂದ್ಬಿಡ್ತೀಯ" ಎನ್ನುತ್ತಿದ್ದರು. ನನ್ನ ಗಾತ್ರದ ಮೇಲೆ ಇಷ್ಟು ನಯವಾಗಿ ಯಾರೂ ಆಡಿಕೊಂಡಿರಲಿಲ್ಲ.

ಘಾಟಿ ದಾಟಿದ ಮೇಲೆ ಒಂದು ಹಳ್ಳಿಯ ಟೀ ಅಂಗಡಿಯಲ್ಲಿ ಚಾರ್ಜಿಗೆ ಹಾಕಿದೆವು. ಮಾವ ರಸ್ತೆಯ ಆಚೆ ಹುಣಸೆಮರದ ಕೆಳಗೆ ಕಾಲು ಚಾಚಿಕೊಂಡಿದ್ದರು. ನಾನು ಕೈಸನ್ನೆಯಲ್ಲಿ ಟೀ ಕೇಳಿದ್ದನ್ನು ನೋಡಿ ಅಂಗಡಿಯಾಕೆ ಮಗಳ ಕಿವಿಯಲ್ಲಿ ಏನೋ ಅಂದಳು. ಪಕ್ಕದಲ್ಲೇ ಇದ್ದ ನನಗೂ ಅದು ಕೇಳಿಸಲಿಲ್ಲ. ಆಚೆಯಿಂದ ಮಾವನ ದನಿ ಬಂತು. "ಮೂಗಿ ಅಲ್ಲ ಕಣಮ್ಮ, ಮೇಡಂ. ಲೆಕ್ಕದ ಮೇಡಂ. ರಿಪೇರೀಲಿದಾರೆ ಅಷ್ಟೆ." ಆಕೆಯ ಕೈಯ ಸೌಟು ನಿಂತೇಹೋಯಿತು. ಆಮೇಲೆ ನಾಚಿಕೊಂಡು ನನ್ನ ಟೀಗೆ ಇನ್ನೊಂದಿಷ್ಟು ಶುಂಠಿ ಜಜ್ಜಿ ಹಾಕಿದಳು.

ಆವತಿಯ ಹತ್ತಿರ ಜಲ್ಲಿ ತುಂಬಿದ ಟಿಪ್ಪರ್ ಒಂದು ನಮ್ಮ ಹಿಂದೆ ಬಂತು. ಹಾರ್ನ್ ಹೊಡೆಯಿತು. ಮಾವ ರಸ್ತೆಯ ನಡುವೆಯೇ ಹೋಗುತ್ತಿದ್ದರು. ಗಾಳಿಗೆ ಕೇಳಿಸಿಲ್ಲವೇನೋ ಎಂದುಕೊಂಡೆ. ಮತ್ತೆ ಹೊಡೆಯಿತು. ಮೂರನೆಯ ಸಲಕ್ಕೆ ಹೊಲದಲ್ಲಿ ಮೇಯುತ್ತಿದ್ದ ಕುರಿಗಳು ಚದುರಿ ಓಡಿದವು. ಮಾವ ಮಾತ್ರ ಹೊಲದ ಕಡೆ ನೋಡುತ್ತಾ ರಾಗಿ ಪೈರು ಚೆನ್ನಾಗಿ ಬಂದಿದೆ ಎನ್ನುತ್ತಿದ್ದರು. ನಾನು ಅವರ ಹೆಗಲಿಗೆ ಬಡಿದು, ಕನ್ನಡಿ ನೋಡಿಕೊಂಡು "ಲಾರಿ" ಎಂದು ಬಾಯಿ ಅಗಲಿಸಿದೆ. ತಕ್ಷಣ ಪಕ್ಕಕ್ಕೆ ಸರಿದರು. ಟಿಪ್ಪರ್ ಧೂಳೆಬ್ಬಿಸಿಕೊಂಡು ಹೋಯಿತು. ಅಲ್ಲಿಂದ ಬೆಟ್ಟದ ಬುಡದವರೆಗೆ ನಾನೇ ಹಿಂದೆ ತಿರುಗಿ ತಿರುಗಿ ರಸ್ತೆ ನೋಡುತ್ತಿದ್ದೆ.

ಬೆಟ್ಟವನ್ನು ಅರ್ಧ ಹತ್ತಿ ಒಂದು ಬಂಡೆಯ ಮರೆಯಲ್ಲಿ ಕೂತೆವು. ಕೆಳಗೆ ದ್ರಾಕ್ಷಿ ತೋಟಗಳು, ಅವುಗಳಾಚೆ ಹೆದ್ದಾರಿ. ಗಾಳಿ ಸೆರಗನ್ನು ಕಿತ್ತುಕೊಳ್ಳಲು ನೋಡುತ್ತಿತ್ತು. ಇಷ್ಟು ದಿನ ಯಾರ ಹತ್ತಿರವೂ, ಸ್ಲೇಟಿನ ಮೇಲೂ ಕೇಳದ ಮಾತನ್ನು ಮಾವನ ಕಡೆ ತಿರುಗಿ ತುಟಿಯಲ್ಲೇ ಕೇಳಿದೆ. "ನನ್ನ ದನಿ ವಾಪಸ್ ಬರದೇ ಹೋದ್ರೆ ಏನ್ಮಾಡ್ಲಿ ಮಾವ?"

ಮಾವ ನನ್ನನ್ನೇ ನೋಡಿದರು. ಆಮೇಲೆ ಅವರೂ ತುಟಿ ಆಡಿಸಿದರು. ದನಿ ತೆಗೆಯಲಿಲ್ಲ. ನಾನು ಈ ವಿದ್ಯೆಗೆ ಹೊಸಬಳು, ಗೊತ್ತಾಗಲಿಲ್ಲ. ಇನ್ನೊಮ್ಮೆ ಎಂದು ಕೈಮಾಡಿದೆ. ದಡ್ಡ ಮಗುವಿಗೆ ಮಗ್ಗಿ ಹೇಳಿಕೊಡುವ ಹಾಗೆ ಒಂದೊಂದೇ ಪದ ಬಿಡಿಸಿ ಹೇಳಿದರು.

"ನಿಮ್ಮತ್ತೆ ದನಿ ನಂಗೆ ಕೇಳಿಸಿ ಆರು ವರ್ಷ ಆಯ್ತು ಕಣವ್ವ. ಅವಳ ಮಾತು ಒಂದೂ ನಂಗೆ ತಪ್ಪಿಹೋಗಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಆ ಅಳು ಅವರಿಗಾಗಿಯೋ, ನನಗಾಗಿಯೋ ತಿಳಿಯದು. ಮೂರು ವಾರದಿಂದ ಹೊಟ್ಟೆಯಲ್ಲಿ ಕೂತಿದ್ದ ಹೆದರಿಕೆ ಮಾತ್ರ ಸ್ವಲ್ಪ ಸರಿದಂತಾಯಿತು. ಕಣ್ಣೊರೆಸಿಕೊಂಡು, "ನಿಮ್ಮ ಕಿವಿ ವಿಷಯ ಅತ್ತೆಗೆ ಗೊತ್ತಾ?" ಎಂದು ಕೇಳಿದೆ.

"ನಾನಂತೂ ಹೇಳಿಲ್ಲ. ಗೊತ್ತಿರ್ಬೇಕು" ಎಂದರು ಮಾವ. "ಆರು ವರ್ಷದಿಂದ, ಒಲೆ ಮೇಲೆ ಏನೇ ಇದ್ರೂ ಇಳಿಸಿಟ್ಟು, ಅಡುಗೆಮನೆಯಿಂದ ಈಚೆಗ್ ಬಂದು, ನನ್ನ ಎದುರಿಗೆ ನಿಂತ್ಕೊಂಡೇ ಬೈತಾಳೆ."