ತಂಗಿಯ ಲಂಗಕ್ಕೆ ಗೋಡೌನಿನ ಮೊಹರು

ಬಟ್ಟೆಗೆ ನಂಬರ್ ಹಾಕುವುದೇನು ಮಹಾ ಕೆಲಸ! ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ನಂಬರ್ ಹಾಕುವ ವಿದ್ಯೆಯಲ್ಲಿ ಇಡೀ ಆಲ್ದೂರಿನಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಕಾಫಿ ಗೋಡೌನಿನಲ್ಲಿ ನನ್ನ ಉದ್ಯೋಗವೇ ಅದು. ಚೀಲದ ಮೇಲೆ ಅಕ್ಷರ ಕೊರೆದ ತಗಡು ಇಟ್ಟು, ಕರಿ ಬಣ್ಣದಲ್ಲಿ ಅದ್ದಿದ ಬ್ರಷ್‌ನಿಂದ ಎರಡು ಸಲ ಉಜ್ಜಿದರೆ ಮುಗಿಯಿತು. ಚೀಲ ಸಮುದ್ರ ದಾಟಿದರೂ ನನ್ನ ನಂಬರ್ ಅಳಿಯುತ್ತಿರಲಿಲ್ಲ. ನನ್ನ ಈ ಹೆಮ್ಮೆಯ ಫಲವನ್ನು ಉಂಡವಳು ತಂಗಿ ಜಯಂತಿ.

ಎಪ್ಪತ್ತರ ದಶಕದ ಕೊನೆಯ ಮಾತು. ಅಪ್ಪ ಅಮ್ಮ ತೀರಿಹೋಗಿದ್ದರಿಂದ ಅವಳಿಗೆ ನಾನೇ ಪೋಷಕ. ಓದಿನಲ್ಲಿ ಬಲು ಚುರುಕಾದ ಹುಡುಗಿ. ಮೂಡಿಗೆರೆ ಕಡೆಯ ಗುಡ್ಡದ ಮೇಲಿದ್ದ ಇಂಗ್ಲಿಷ್ ಬೋರ್ಡಿಂಗ್ ಸ್ಕೂಲಿನಲ್ಲಿ ಅವಳಿಗೆ ಪುಕ್ಕಟೆ ಸೀಟು ಸಿಕ್ಕಿತು. ಬಿಳಿ ದೊರೆಗಳು ತಮ್ಮ ಮಕ್ಕಳಿಗೆಂದು ಕಟ್ಟಿಸಿದ ಶಾಲೆ ಅದು. ದೊರೆಗಳು ಹಡಗು ಹತ್ತಿ ಹೋದರೂ ಅವರ ಗಂಟೆ, ಮುಳ್ಳುಚಮಚ, ಸಂಜೆಯ ಪ್ರಾರ್ಥನೆ ಎಲ್ಲವೂ ಇಲ್ಲೇ ಉಳಿದಿದ್ದವು. ಅಲ್ಲಿ ಪ್ರತಿ ಹುಡುಗಿಗೂ ಒಂದು ನಂಬರ್. ಜಯಂತಿಯದು ಮೂವತ್ತೇಳು.

ತರಬೇಕಾದ ಸಾಮಾನಿನ ಪಟ್ಟಿ ಎರಡು ಪುಟವಿತ್ತು. ಆರು ಅಂಗಿ, ನಾಲ್ಕು ಲಂಗ, ಟವೆಲು, ದಿಂಬಿನ ಚೀಲ. ಗೋಡೌನಿನಲ್ಲಿ ಲೆಕ್ಕ ಬರೆಯುವ ರೈಟರು ಓದಿ ಹೇಳಿದರು: "ಎಲ್ಲದರ ಮೇಲೂ ನಂಬರ್ ಇರ್ಬೇಕಂತೆ ಮಾರಾಯ. ಒಗೆದ್ರೂ ಹೋಗ್ಬಾರ್ದಂತೆ."

ಒಗೆದರೂ ಹೋಗದ ನಂಬರ್! ದೇವರು ನನ್ನನ್ನು ಹುಟ್ಟಿಸಿದ್ದೇ ಇದಕ್ಕೆ ಎನ್ನಿಸಿತು.

"ಟೈಲರ್ ಹತ್ರ ಒಂದ್ಸಲ ಕೇಳಿ ಅಂದ್ರೆ," ಎಂದಳು ಹೆಂಡತಿ ಸರೋಜ. "ದಾರದಲ್ಲಿ ಸಣ್ಣಕ್ಕೆ ಹೊಲೀತಾರೇನೋ."

"ನೀನು ಸುಮ್ನಿರು ಮಾರಾಯ್ತಿ. ನಂಬರ್ ವಿಷ್ಯ ನನಗೆ ಹೇಳ್ಕೊಡ್ತೀಯಾ?"

ಎಲ್ಲವನ್ನೂ ಗಂಟು ಕಟ್ಟಿ ಗೋಡೌನಿಗೆ ಒಯ್ದೆ. ಅಂಗೈ ಅಗಲದ 37, ಅಂಗಿಯ ಬೆನ್ನಿನ ನಟ್ಟನಡುವೆ, ಲಂಗದ ಸೊಂಟದ ಹಿಂದೆ. ಇನ್ನೊಂದು ತಗಡಿನಲ್ಲಿ ಒಂದು ಸಾಲು ಇಂಗ್ಲಿಷ್ ಇತ್ತು. ಪ್ರತಿ ಚೀಲಕ್ಕೂ ಹೊಡೆಯುತ್ತಿದ್ದೆನಾದರೂ ಅದರ ಅರ್ಥ ನನಗೆ ತಿಳಿಯದು. ಇಂಗ್ಲಿಷ್ ಶಾಲೆಗೆ ಇಂಗ್ಲಿಷ್ ಇದ್ದರೆ ಶೋಭೆ ಎಂದು ಅದನ್ನೂ ಕೆಳಗೆ ಹೊಡೆದೆ. ಒಳಲಂಗವನ್ನೂ ಬಿಡಲಿಲ್ಲ!

ಸರೋಜ ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ಹುಡುಗೀನ ಲಾರಿಗೆ ಹಾಕಿ ಕಳಿಸ್ತೀರಾ?"

ಜಯಂತಿ ಒಂದು ಅಂಗಿ ತೆಗೆದುಕೊಂಡು ಸೀಮೆಎಣ್ಣೆಯಲ್ಲಿ ಅದ್ದಿ ತಿಕ್ಕತೊಡಗಿದಳು. ನಾನೂ ಉಳಿದವನ್ನು ತಿಕ್ಕಿದೆ. ನಂಬರ್ ಅಲುಗಾಡಲಿಲ್ಲ. ಸುತ್ತ ಹಳದಿ ಕಲೆ ಹರಡಿತು, ಅಷ್ಟೇ. ನನ್ನ ಕೆಲಸ ಅಷ್ಟು ಗಟ್ಟಿ! ಮರುದಿನ ಬಸ್ಸಿನ ಕಂಡಕ್ಟರ್ ಟ್ರಂಕನ್ನು ಮೂಸಿ, "ಸೀಮೆಎಣ್ಣೆ ಒಳಗೆ ತರಂಗಿಲ್ಲ, ಮೇಲೆ ಹಾಕಿ" ಎಂದ.

ಶಾಲೆಯ ಉದ್ದನೆಯ ಕೋಣೆಯಲ್ಲಿ ಸಾಲಾಗಿ ಕಬ್ಬಿಣದ ಮಂಚಗಳು. ಮಂಚಕ್ಕೊಂದು ಟ್ರಂಕು. ಪಕ್ಕದಲ್ಲಿ ಕಾರಿನಲ್ಲಿ ಬಂದಿಳಿದ ಎಸ್ಟೇಟ್ ಸಾಹುಕಾರರು, ಅವರ ಹೆಂಡಿರು. ಮಕ್ಕಳನ್ನು ನೋಡಿಕೊಳ್ಳುವ ಮೇಟ್ರನ್ ಒಂದೊಂದೇ ಟ್ರಂಕು ತೆಗೆಸಿ ಪಟ್ಟಿಗೆ ಟಿಕ್ ಹಾಕುತ್ತಾ ಬಂದರು. ಎಲ್ಲರ ಅಂಗಿಯ ಕಾಲರಿನ ಒಳಗೆ ಬೆರಳುಗುರಿನಷ್ಟು ಪಟ್ಟಿ, ಅದರಲ್ಲಿ ಕೆಂಪು ದಾರದ ನಂಬರ್.

ನಮ್ಮ ಟ್ರಂಕು ತೆರೆಯಿತು. ಮೇಟ್ರನ್ ಮೂಗು ಮುಚ್ಚಿಕೊಂಡು, ಒಂದು ಅಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಬೆನ್ನ ಮೇಲಿನ ಇಂಗ್ಲಿಷನ್ನು ಗಟ್ಟಿಯಾಗಿ ಓದಿದರು. ಇಡೀ ಕೋಣೆ ಗೊಳ್ಳೆಂದಿತು.

"ಏನು ಬರೆದಿದೆ ಗೊತ್ತೇನಪ್ಪ? 'ಕೊಕ್ಕೆ ಹಾಕಿ ಎತ್ತಬೇಡಿ!' ಯಾರು ಮಾಡಿದ್ದು ಇದನ್ನ? ನೀನ್ಯಾರು?"

ಸಾಹುಕಾರರೆಲ್ಲ ನನ್ನನ್ನೇ ನೋಡುತ್ತಿದ್ದರು. ಜಯಂತಿಯೂ ನೋಡುತ್ತಿದ್ದಳು. ಆಗ ನನ್ನ ಬಾಯಿಂದ ಹೊರಟ ಮಾತನ್ನು ಇವತ್ತಿನವರೆಗೆ ಸರೋಜಳಿಗೂ ಹೇಳಿಲ್ಲ.

"ನಾನಾ? ನಾನು ಟ್ರಂಕ್ ಹೊತ್ಕೊಂಡು ಬಂದೋನು, ಅಮ್ಮಾ."

ಜಯಂತಿ ತಲೆ ತಗ್ಗಿಸಿದಳು.

"ಸರಿ, ಪೋಷಕರೆಲ್ಲಿ?" ಎಂದರು ಮೇಟ್ರನ್. "ಪ್ರಾರ್ಥನೆ ಗಂಟೆ ಹೊಡೆಯೋದ್ರೊಳಗೆ ಅವರು ರಿಜಿಸ್ಟರಿಗೆ ಸಹಿ ಹಾಕ್ಬೇಕು. ಇಲ್ಲಾಂದ್ರೆ ಪುಕ್ಕಟೆ ಸೀಟು ಮುಂದಿನ ಹುಡುಗಿಗೆ. ಹೊರಗೆ ಕಾಯ್ತಾ ಇದ್ದಾಳೆ."

ನೆಲ ಬಾಯಿ ಬಿಡಬಾರದೇ ಎಂದುಕೊಂಡೆ. ಬಿಡಲಿಲ್ಲ. "ಪೋಷಕ... ನಾನೇ ಅಮ್ಮಾ. ಇವಳಣ್ಣ."

"ಈಗ ತಾನೇ ಹಮಾಲಿ ಅಂದೆ!"

"ಅದೂ ನಾನೇ."

"ನಂಬರ್ ಹೊಡೆದೋನು?"

"ಅದೂ..."

ಮೇಟ್ರನ್ ನನ್ನನ್ನು ಬಿಟ್ಟು ಜಯಂತಿಯ ಕಡೆ ತಿರುಗಿದರು. "ಹೇಳಮ್ಮ, ಇವನು ನಿನ್ನ ಅಣ್ಣನಾ?"

ಜಯಂತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅಷ್ಟು ನಿಧಾನವಾಗಿ ಅವಳು ಲೆಕ್ಕದ ಪರೀಕ್ಷೆಯಲ್ಲೂ ಉತ್ತರ ಕೊಟ್ಟವಳಲ್ಲ. ಇಲ್ಲ ಅಂದಿದ್ದರೂ ನಾನು ಒಪ್ಪಬೇಕಾಗಿತ್ತು.

"ಹೌದು ಮೇಡಂ," ಎಂದಳು ಕೊನೆಗೆ, ತಪ್ಪೊಪ್ಪಿಕೊಳ್ಳುವವಳ ದನಿಯಲ್ಲಿ. "ನಮ್ಮಣ್ಣನೇ."

ಸಹಿ ಹಾಕಿದೆ. ಸೀಟು ಉಳಿಯಿತು. ಆದರೆ ಬೆನ್ನ ಮೇಲಿನ ಬರಹ ಕಾಣದಂತೆ ಜಯಂತಿ ಆ ವರ್ಷವೆಲ್ಲ ಸ್ವೆಟರ್ ಹಾಕಿಕೊಂಡೇ ಇರಬೇಕೆಂದು ಆಜ್ಞೆಯಾಯಿತು. ಬೇಸಿಗೆಯಲ್ಲೂ!

ಹೊರಡುವಾಗ ಅವಳು ಮೆಲ್ಲಗೆ ಕರೆದಳು. "ಅಣ್ಣಾ, ತಿಂಗಳಿಗೊಮ್ಮೆ ನೋಡಕ್ಕೆ ಬಿಡೋ ಭಾನುವಾರ ಅತ್ತಿಗೇನ ಕಳ್ಸು."

"ನಾನು ಬರ್ಬಾರ್ದಾ?"

"ಬಾ. ಗೇಟ್ ಹತ್ರ ನಿಂತ್ಕೋ."

ಮುಂದಿನ ತಿಂಗಳು ಸರೋಜಳನ್ನು ಒಳಗೆ ಕಳಿಸಿ ಗೇಟಿನ ಹತ್ತಿರ ನಿಂತೆ. ಕಾರೊಂದು ಬಂದು ನಿಂತಿತು. ಅವತ್ತು ಕೋಣೆಯಲ್ಲಿ ನಕ್ಕಿದ್ದ ಸಾಹುಕಾರರೊಬ್ಬರು ಇಳಿದು, ನನ್ನ ಗುರುತು ಹಿಡಿದರು. "ಓ, ನೀನಾ! ಡಿಕ್ಕೀಲಿರೋ ಹಾಸಿಗೆ ಎತ್ಕೊಂಡು ಬಾ."

ನಾನು ಹಾಸಿಗೆ ಎತ್ತಿಕೊಂಡೆ. ಏನು ಮಾಡುವುದು, ಅಷ್ಟು ಜನರ ಎದುರು ನಾನೇ ಹೇಳಿಕೊಂಡಿದ್ದ ಉದ್ಯೋಗವಲ್ಲವೇ!