ಮೂರನೆಯ ಅಧ್ಯಾಯದ ಬಂಗುಡೆ

ಮಣಿಪಾಲದ ಕಾಲೇಜೊಂದರಲ್ಲಿ ಪಾಠ ಮಾಡುವ ಉಮಾನಾಥ ಎಂಟು ವರ್ಷ ತಿಣುಕಿ ಬರೆದ ಪಿಎಚ್‌ಡಿಯಲ್ಲಿ ಇದ್ದದ್ದು ಎರಡೇ ಮಾತು. ಉದ್ಯಾವರದ ಮೀನಿನ ಸೊಸೈಟಿಗೆ ಹರಾಜು ನಡೆಸಲು ತಾನು ಮಾಡಿಕೊಟ್ಟ ಆ್ಯಪ್ ಅಲ್ಲಿನ ಹಳೆಯ ಪದ್ಧತಿಗೆ ಸಂಪೂರ್ಣ ಸಮಾನ. ಮತ್ತೆ, ಎಷ್ಟು ಜನ ಒಟ್ಟಿಗೇ ಕೆಲಸ ಮಾಡಿದರೂ ಅದು ಎಂದೆಂದಿಗೂ ಸಿಕ್ಕಿಹಾಕಿಕೊಂಡು ನಿಲ್ಲುವುದಿಲ್ಲ. ಎರಡನ್ನೂ ಮೂರನೆಯ ಅಧ್ಯಾಯದಲ್ಲಿ 'ಒಂದಲ್ಲ ಒಂದು ಹೊತ್ತಿಗೆ ಆಗಿಯೇ ಆಗುತ್ತದೆ' ಎನ್ನುವಂಥ ಕಾಲದ ತರ್ಕ ಹಿಡಿದು ಸಾಧಿಸಿದ್ದ. ಹನ್ನೊಂದಕ್ಕೆ ಗೈಡ್ ಮನೋರಮಾ ಸೊಸೈಟಿಗೆ ಬಂದು, ಆ್ಯಪ್ ನಡೆಯುವುದನ್ನು ಕಣ್ಣಾರೆ ಕಂಡು ಸಹಿ ಹಾಕಬೇಕು. ಇವತ್ತು ತಪ್ಪಿದರೆ ನೋಂದಣಿಯೇ ರದ್ದು.

ಹತ್ತೂವರೆಗೆ ಎಲ್ಲ ನಿಂತುಹೋಯಿತು.

ಹರಾಜು ಕೂಗುವ ಪ್ರವೀಣ್ ಮಂಜುಗಡ್ಡೆ ಹಾಕದ ಬುಟ್ಟಿ ಮುಟ್ಟುವುದಿಲ್ಲ. ಮಂಜುಗಡ್ಡೆ ಕೊಡುವ ಚಂದು ಹರಾಜಿನ ಚೀಟಿ ಇಲ್ಲದೆ ಒಂದು ಚೂರೂ ಬಿಡುವುದಿಲ್ಲ. ಮೊದಲು ಇನ್ನೊಬ್ಬನದು ಆಗಲಿ ಎಂದು ಇಬ್ಬರೂ ಮೊಬೈಲಿನ ಆ್ಯಪ್ ದಿಟ್ಟಿಸುತ್ತಾ ಕಲ್ಲಿನ ಹಾಗೆ ಕೂತರು. ನಡುವೆ ಮೂವತ್ತು ಬುಟ್ಟಿ ಬಂಗುಡೆ ಬಿಸಿಲಲ್ಲಿ.

"ನೀವೇ ಬರೆದ ನಿಯಮ ಅಲ್ವಾ ಸರ್?" ಎಂದ ಚಂದು.

ಹೌದು, ಇಬ್ಬರನ್ನೂ ಬೇರೆಬೇರೆ ಕೂರಿಸಿ ಕೇಳಿ ಬರೆದುಕೊಂಡದ್ದು ಉಮಾನಾಥನೇ. ಮೀನಿನ ಹೆಂಗಸರನ್ನು ಕೇಳಿರಲಿಲ್ಲ. ಬರೀ ಬೊಬ್ಬೆ ಹಾಕುವವರ ಹತ್ತಿರ ಕೇಳುವುದೆಂತ ಎಂದುಕೊಂಡಿದ್ದ! ಕಲಿತವರ ಸೊಕ್ಕು ನೋಡಿ.

"ಎಂತ ಮಾರಾಯ್ರೆ ಇದು?" ಮೀನು ತಂದಿದ್ದ ರತ್ನಾವತಿ ಬುಟ್ಟಿ ಕುಕ್ಕಿದಳು.

"ಒಂದಲ್ಲ ಒಂದು ಹೊತ್ತಿಗೆ ಎಲ್ಲರ ಮೀನೂ ಹರಾಜಾಗುತ್ತದೆ ಅಮ್ಮ. ನಾನು ಸಾಧಿಸಿದ್ದೇನೆ."

"ಯಾವ ಹೊತ್ತಿಗೆ? ಕೊಳೆತ ಮೇಲೆಯಾ? ನಿಮ್ಮ ಸಾಧನೆಗೆ ಬೆಂಕಿ ಬೀಳಲಿ!"

ಅವಳು ನೇರ ಮಂಜುಗಡ್ಡೆಯ ಕೋಣೆಗೆ ನುಗ್ಗಿ, ಚಂದುವಿನ ಮೂರು ತಲೆಮಾರನ್ನು ಬೈದು, ಗೋಣಿ ತುಂಬ ಮಂಜುಗಡ್ಡೆ ಎಳೆದು ತಂದಳು. ಪ್ರವೀಣ್ ಎದ್ದ. ಹರಾಜು ಓಡತೊಡಗಿತು.

ಅಷ್ಟರಲ್ಲಿ ಮನೋರಮಾ ಬಂದರು. ಉಮಾನಾಥನಿಗೆ ಹೋದ ಜೀವ ಬಂತು. ಪೆನ್ನು ತೆಗೆಯುತ್ತಾ ಅವರು ರತ್ನಾವತಿಯನ್ನು ಕೇಳಿದರು, "ಗೇಟಿನವರೆಗೆ ಬೊಬ್ಬೆ ಕೇಳಿತಲ್ಲ, ಎಂತ ಆಯಿತು?"

"ಇವತ್ತು ಒಂದು ದಿನ ನಿಂತಿತು, ಅಷ್ಟೇ ಮೇಡಂ!" ಉಮಾನಾಥ ಅಡ್ಡ ಬಾಯಿ ಹಾಕಿದ.

"ಒಂದು ದಿನವಾ?" ರತ್ನಾವತಿ ಕೆರಳಿದಳು. "ಇಪ್ಪತ್ತು ವರ್ಷದಿಂದ ದಿನಾ ಇದೇ ಕರ್ಮ! ಆ್ಯಪ್ ಇಲ್ಲದಾಗಲೂ ಈ ಇಬ್ಬರು ಹೀಗೇ ಕೂತುಬಿಡುತ್ತಿದ್ದರು. ನಾನು ಬೈದರೆ ಮಾತ್ರ ಏಳುವುದು. ನನ್ನ ಗಂಟಲೇ ಹೋಯಿತು!"

ಉಮಾನಾಥ ಕುಣಿದೇಬಿಟ್ಟ. "ಕೇಳಿದಿರಾ ಮೇಡಂ? ಹಳೆಯದೂ ನಿಲ್ಲುತ್ತಿತ್ತು, ನನ್ನದೂ ನಿಲ್ಲುತ್ತದೆ! ಎರಡೂ ಸಂಪೂರ್ಣ ಸಮಾನ!"

"ಹೌದು, ನಿಮ್ಮ ಮೊದಲ ಮಾತು ಸತ್ಯ," ಮನೋರಮಾ ಪೆನ್ನಿಗೆ ಮುಚ್ಚಳ ಹಾಕಿದರು. "ಎರಡನೆಯದು ಸುಳ್ಳು ಅಂತ ಈಗ ನೀವೇ ಸಾಧಿಸಿದಿರಿ."